ಗೋಡೆಯ ಮೇಲಿನ ಜಿಂಕೆ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ವಿದ್ಯಾಭ್ಯಾಸ, ವಿವಾಹ, ವೃದ್ಧರ ಆರೈಕೆ ಮುಂತಾದ ವಿಷಯಗಳಿಗೆ ಸಂಬಂಧಿಸಿದವು. ಈ ತಿಂಗಳು ಬಂದ ಪತ್ರವೊಂದು ಮಾತ್ರ ನಮ್ಮನ್ನು ಬೇರೆಯೇ ಯೋಚನೆಗೆ ಹಚ್ಚಿತು. ಧಾರವಾಡದ ಕಡೆಯ ತಾಯಿಯೊಬ್ಬರು ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಗ-ಸೊಸೆಯರೊಡನೆ ವಾಸವಾಗಿದ್ದಾರೆ. ಅವರ ಹದಿನೈದು ವರ್ಷದ ಮೊಮ್ಮಗನು ನೆರೆಮನೆಯ ಹಿರಿಯರೊಬ್ಬರು ತಮ್ಮ ಗ್ಯಾರೇಜಿನಲ್ಲಿ ಜಿಂಕೆಯ ತಲೆಯನ್ನು ಗೋಡೆಗೆ ತೂಗುಹಾಕುವಂತೆ ಸಿದ್ಧಪಡಿಸುವುದನ್ನು ಕಂಡು, ತಾನೂ ಆ ಹವ್ಯಾಸವನ್ನು ಕಲಿಯುವೆನೆಂದು ಹಟ ಹಿಡಿದಿದ್ದಾನೆ. "ಸತ್ತ ಪ್ರಾಣಿಯ ಚರ್ಮ ಮುಟ್ಟಿದ ಕೈಯಿಂದ ಲಿಂಗಪೂಜೆ ಮಾಡುವುದೆಂತು?" ಎಂದು ಅಜ್ಜಿ ಗದರಿಸಿದಾಗ, ಹುಡುಗನು ಕೇಳಿದನಂತೆ: "ಹಾಗಾದರೆ ಊರಿನ ನಮ್ಮ ಮನೆಯ ಪಡಸಾಲೆಯಲ್ಲಿ ಜಿಂಕೆಯ ತಲೆ ಇದೆಯಲ್ಲ ಅಜ್ಜಿ, ಅದನ್ನು ಯಾರು ಮಾಡಿದರು?"

ಆ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿರಲಿಲ್ಲವೆಂದು ಆ ತಾಯಿ ಪ್ರಾಮಾಣಿಕವಾಗಿ ಒಪ್ಪಿಕೊಂಡು, ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ. ಇದು ಒಂದು ಮನೆಯ ಪ್ರಶ್ನೆಯಷ್ಟೇ ಅಲ್ಲವೆಂದು ತೋರಿದ್ದರಿಂದ ಇಲ್ಲಿ ಎಲ್ಲರ ಮುಂದಿಡುತ್ತಿದ್ದೇವೆ.

ಮೊದಲು ಆ ಕೆಲಸವೇನೆಂಬುದನ್ನು ತಿಳಿಯೋಣ. ಇಂಗ್ಲಿಷಿನಲ್ಲಿ ಟ್ಯಾಕ್ಸಿಡರ್ಮಿ ಎಂದು ಕರೆಯುವ ಇದಕ್ಕೆ ಕನ್ನಡದಲ್ಲಿ ಚರ್ಮಪ್ರಸಾಧನ ಎಂಬ ಹೆಸರುಂಟು. ಇಡೀ ಜಿಂಕೆಯ ದೇಹದೊಳಗೆ ಹುಲ್ಲು ತುಂಬಿ ಹೊಲಿಯುತ್ತಾರೆಂಬುದು ನಮ್ಮಲ್ಲಿ ಅನೇಕರ ತಿಳಿವಳಿಕೆ. ವಾಸ್ತವವಾಗಿ ಇಂದು ಗೋಡೆಯ ಮೇಲೆ ಕಾಣುವ ಜಿಂಕೆಯ ತಲೆಯಲ್ಲಿ ಜಿಂಕೆಯದೆಂದು ಹೇಳಬಹುದಾದದ್ದು ಮುಖ್ಯವಾಗಿ ಚರ್ಮ ಮತ್ತು ಕೊಂಬು ಮಾತ್ರ. ಕಣ್ಣು ಗಾಜಿನದು. ಒಳಗಿನ ಆಕಾರ ಪಾಲಿಯುರಿಥೇನ್ ಎಂಬ ಹಗುರವಾದ ನೊರೆಪದಾರ್ಥದ್ದು. ಕಿವಿಯೊಳಗಿನ ಮೃದುವಾದ ಎಲುಬನ್ನು ತೆಗೆದು ಅದರ ಜಾಗದಲ್ಲಿ ಪ್ಲಾಸ್ಟಿಕ್ ಅಚ್ಚನ್ನು ಸೇರಿಸುತ್ತಾರೆ.

ಕೆಲಸದ ಕ್ರಮ ಹೀಗಿದೆ. ಪ್ರಾಣಿ ಸತ್ತೊಡನೆ ದೇಹವನ್ನು ತಂಪಾಗಿರಿಸಿ, ಬೇಗನೆ ಚರ್ಮವನ್ನು ಬಿಡಿಸಬೇಕು. ಬಿಸಿಯಲ್ಲಿ ತಡವಾದರೆ ಸೂಕ್ಷ್ಮಜೀವಿಗಳು ಬೆಳೆದು ಕೂದಲು ಗೊಂಚಲುಗೊಂಚಲಾಗಿ ಉದುರತೊಡಗುತ್ತದೆ. ಒಮ್ಮೆ ಹಾಗಾದ ಚರ್ಮವನ್ನು ಯಾರೂ ಸರಿಪಡಿಸಲಾರರು. ಕತ್ತಿನ ಹಿಂಭಾಗದಲ್ಲಿ ಸೀಳಿ, ಕಣ್ಣು, ತುಟಿ, ಮೂಗಿನ ಅಂಚುಗಳನ್ನು ಬಹು ಎಚ್ಚರದಿಂದ ಬಿಡಿಸಿಕೊಳ್ಳುತ್ತಾರೆ. ಅಂಟಿಕೊಂಡ ಮಾಂಸ-ಕೊಬ್ಬನ್ನು ಕೆರೆದು, ಅಯೋಡಿನ್ ಇಲ್ಲದ ಸಣ್ಣ ಉಪ್ಪನ್ನು ಚರ್ಮದ ಒಳಮೈಗೆಲ್ಲ ಧಾರಾಳವಾಗಿ ತಿಕ್ಕುತ್ತಾರೆ. ಉಪ್ಪು ನೀರನ್ನು ಹೀರಿ ಕೂದಲಿನ ಬೇರನ್ನು ಭದ್ರಪಡಿಸುತ್ತದೆ. ಮರುದಿನ ಹಳೆಯ ಉಪ್ಪನ್ನು ಕೊಡವಿ ಹೊಸದನ್ನು ಹಚ್ಚುತ್ತಾರೆ. ಅನಂತರ ಆಮ್ಲದ ದ್ರಾವಣದಲ್ಲಿ ನೆನೆಸಿ, ತೆಳುವಾಗಿ ಹೆರೆದು, ಹದಮಾಡುತ್ತಾರೆ.

ಇನ್ನೊಂದೆಡೆ ಕಣ್ಣಿನ ಮೂಲೆಯಿಂದ ಮೂಗಿನ ತುದಿಯವರೆಗಿನ ಉದ್ದ ಮತ್ತು ಕತ್ತಿನ ಸುತ್ತಳತೆಯನ್ನು ಅಳೆದಿಟ್ಟುಕೊಂಡು, ಅದಕ್ಕೆ ಹೊಂದುವ ಒಳಮೈಯನ್ನು ಆರಿಸುತ್ತಾರೆ. ಕೊಂಬನ್ನು ಬುಡದ ತಲೆಬುರುಡೆಯ ತುಣುಕಿನೊಡನೆ ಅದಕ್ಕೆ ತಿರುಪುಮೊಳೆಯಿಂದ ಬಿಗಿದು, ಗಾಜಿನ ಕಣ್ಣಿನ ಸುತ್ತ ಜೇಡಿಮಣ್ಣಿನಿಂದ ರೆಪ್ಪೆಯ ಆಕಾರವನ್ನು ತಿದ್ದಿ, ಅಂಟು ಬಳಿದು ಚರ್ಮವನ್ನು ಹೊದಿಸಿ ಹಿಂದಿನಿಂದ ಹೊಲಿಯುತ್ತಾರೆ. ಒಣಗಲು ಕೆಲವು ವಾರಗಳೇ ಬೇಕು. ಒಣಗುವಾಗ ಮೂಗು ಮತ್ತು ಕಣ್ಣಂಚಿನ ಬಣ್ಣ ಮಾಸುವುದರಿಂದ ಕಡೆಯಲ್ಲಿ ಬಣ್ಣ ಹಚ್ಚುತ್ತಾರೆ. ಜೀವಂತ ಜಿಂಕೆಯನ್ನು ಬಹುಕಾಲ ನೋಡಿ ಮನಸ್ಸಿನಲ್ಲಿಟ್ಟುಕೊಳ್ಳದವನ ಕೈಯಲ್ಲಿ ಈ ರೆಪ್ಪೆಯ ಕೆಲಸ ಎಂದಿಗೂ ಸರಿಯಾಗುವುದಿಲ್ಲ.

ಅಮೆರಿಕದಲ್ಲಿ ಇದು ಮನೆಮನೆಯ ಹವ್ಯಾಸವಾಗಿ ಹಬ್ಬಿದ್ದಕ್ಕೆ ಇತಿಹಾಸವಿದೆ. 1903ರಲ್ಲಿ ನೆಬ್ರಾಸ್ಕ ರಾಜ್ಯದ ಒಮಾಹಾ ನಗರದಲ್ಲಿ ಆರಂಭವಾದ ನಾರ್ತ್‌ವೆಸ್ಟರ್ನ್ ಟ್ಯಾಕ್ಸಿಡರ್ಮಿ ಶಾಲೆಯು ಅಂಚೆಯ ಮೂಲಕವೇ ಪಾಠಗಳನ್ನು ಕಳುಹಿಸುತ್ತಿತ್ತು. ಹಳ್ಳಿಯ ಹುಡುಗರು ಆ ಪುಸ್ತಿಕೆಗಳನ್ನು ಓದಿ ಕೊಟ್ಟಿಗೆಯಲ್ಲಿ ಕುಳಿತು ಕಲಿತರು.

ಇನ್ನು ಈ ಕಲೆಯ ರೂಪವನ್ನೇ ಬದಲಿಸಿದ ಕಾರ್ಲ್ ಏಕ್ಲಿ (1864–1926) ಎಂಬವರು ಬಾಲ್ಯದಲ್ಲಿ ಪುಸ್ತಕ ಓದಿಯೇ ಕಲಿಯತೊಡಗಿದವರು. ಅವರು ವಿಸ್ಕಾನ್ಸಿನ್ನಿನ ಮಿಲ್ವಾಕಿ ವಸ್ತುಸಂಗ್ರಹಾಲಯದಲ್ಲಿಯೂ ಕೆಲಸ ಮಾಡಿದ್ದರು. ಹುಲ್ಲು-ಹೊಟ್ಟು ತುಂಬುವ ಹಳೆಯ ಪದ್ಧತಿಯನ್ನು ಬಿಟ್ಟು, ಪ್ರಾಣಿಯ ಸ್ನಾಯುಗಳನ್ನು ಮಣ್ಣಿನಲ್ಲಿ ರೂಪಿಸಿ, ಅದರಿಂದ ಅಚ್ಚು ತೆಗೆದು, ಟೊಳ್ಳಾದ ಹಗುರ ಒಳಮೈಯನ್ನು ಮಾಡುವ ವಿಧಾನವನ್ನು ಅವರು ಬೆಳೆಸಿದರು. ಬಿಳಿಬಾಲದ ಜಿಂಕೆಗಳನ್ನು ನಾಲ್ಕು ಋತುಗಳಲ್ಲಿ ತೋರಿಸುವ ಅವರ ದೃಶ್ಯಮಾಲೆಯನ್ನು ಷಿಕಾಗೊ ನಗರದ ಫೀಲ್ಡ್ ವಸ್ತುಸಂಗ್ರಹಾಲಯವು 1902ರಲ್ಲಿ ಕೊಂಡಿತು. ಅದರಲ್ಲಿನ ಸಾವಿರಾರು ಮೇಣದ ಎಲೆಗಳ ಕೆಲಸದಲ್ಲಿ ಪತ್ನಿ ಡೀಲಿಯಾ ಅವರ ಪರಿಶ್ರಮ ಬಹಳವಿತ್ತು. ಇದೇ ಏಕ್ಲಿಯವರು 1921ರಲ್ಲಿ ವಸ್ತುಸಂಗ್ರಹಾಲಯಕ್ಕಾಗಿ ಆಫ್ರಿಕದಲ್ಲಿ ಗೊರಿಲ್ಲಗಳನ್ನು ಕೊಂದ ಮೇಲೆ ಮನಸ್ಸು ಕಲಕಿ, ಆ ಪ್ರಾಣಿಗಳ ರಕ್ಷಣೆಗಾಗಿ ಬೆಲ್ಜಿಯಮ್ಮಿನ ದೊರೆಯನ್ನು ಒತ್ತಾಯಿಸಿದರು. ಅದರ ಫಲವಾಗಿ 1925ರಲ್ಲಿ ಕಾಂಗೋ ದೇಶದಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಸ್ಥಾಪಿತವಾಯಿತು. ಚರ್ಮ ಸುಲಿದ ಕೈಗಳೇ ಅಭಯವನ್ನು ಬೇಡಿದ ಈ ಪ್ರಸಂಗವನ್ನು ಆ ಹುಡುಗನಿಗೆ ಅವಶ್ಯವಾಗಿ ಹೇಳಬೇಕು.

ಈಗ ಅಜ್ಜಿಯ ಮೊದಲ ಆಕ್ಷೇಪಕ್ಕೆ ಬರೋಣ. ಚರ್ಮ ಮುಟ್ಟಿದ ಕೈ ಮೈಲಿಗೆಯೆಂದು ನಾವು ಹೇಳಬಹುದೇ? ಹೇಳಲಾಗದು. ಲಿಂಗಧಾರಿಗೆ ಪಂಚಸೂತಕಗಳಿಲ್ಲವೆಂದು ಸಾರಿದ ಧರ್ಮ ನಮ್ಮದು. ಚರ್ಮದ ಕಾಯಕ ಮಾಡಿದ ಮಾದಾರ ಚೆನ್ನಯ್ಯ, ಹರಳಯ್ಯ, ಮಾದಾರ ಧೂಳಯ್ಯ ಮೊದಲಾದ ಶರಣರನ್ನು ನಿತ್ಯ ಸ್ಮರಿಸುವ ಮನೆಯಲ್ಲಿ ಚರ್ಮವನ್ನು ಹದಮಾಡುವ ಕೈಯನ್ನು ಹೀನವೆಂದರೆ ಆ ಶರಣರನ್ನೇ ಹೀನವೆಂದಂತೆ. ಕೈ ತೊಳೆದುಕೊಂಡರೆ ಕೈ ಶುದ್ಧ. ಹುಡುಗನಿಗೆ "ಮುಟ್ಟಬೇಡ, ಮೈಲಿಗೆ" ಎಂದು ಹೇಳಿದರೆ ನಾವು ಅವನಿಗೆ ನಮ್ಮ ಧರ್ಮವನ್ನು ತಪ್ಪಾಗಿ ಕಲಿಸಿದಂತಾಗುತ್ತದೆ.

ಕೇಳಬೇಕಾದ ಪ್ರಶ್ನೆ ಬೇರೆಯದು: ಆ ಜಿಂಕೆ ಹೇಗೆ ಸತ್ತಿತು? ಗೋಡೆಯ ಅಲಂಕಾರಕ್ಕಾಗಿ ಒಂದು ಜೀವವನ್ನು ತೆಗೆಯುವುದು ನಮ್ಮ ಆಚಾರಕ್ಕೆ ಸಲ್ಲದು; ಇದರಲ್ಲಿ ಸಂದೇಹವಿಲ್ಲ. ವಿಸ್ಕಾನ್ಸಿನ್ನಿನಲ್ಲಿ ನವೆಂಬರಿನ ಕಡೆಯಲ್ಲಿ ಒಂಬತ್ತು ದಿನಗಳ ಬಂದೂಕಿನ ಬೇಟೆಗೆ ಸರ್ಕಾರವೇ ಅವಕಾಶ ಕೊಡುತ್ತದೆ. ಅಲ್ಲಿ ಜಿಂಕೆಗಳ ಸಂಖ್ಯೆ ಬಹಳ. ಬೇಟೆಯಾಡಿದವರು ಸಾಮಾನ್ಯವಾಗಿ ಮಾಂಸವನ್ನು ಮನೆಯ ಊಟಕ್ಕೆ ಬಳಸುತ್ತಾರೆ. ಅದು ಅವರ ನಾಡಿನ ನಡೆ, ಅವರ ಕಾನೂನು. ನೆರೆಮನೆಯ ಹಿರಿಯರನ್ನು ಕೀಳಾಗಿ ಕಾಣುವ ಅಧಿಕಾರ ನಮಗಿಲ್ಲ. ಆದರೆ ನಮ್ಮ ಮನೆಯ ಮಗು ಬಂದೂಕು ಹಿಡಿಯಬೇಕಾಗಿಲ್ಲ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕು ಸಾಯುವ ಜಿಂಕೆಗಳು ಆ ದೇಶದಲ್ಲಿ ಅಪಾರ. ಅನೇಕ ರಾಜ್ಯಗಳಲ್ಲಿ ಸಂಬಂಧಪಟ್ಟ ಇಲಾಖೆಯ ಅನುಮತಿ ಪಡೆದು ಅಂಥ ಜಿಂಕೆಯನ್ನು ಒಯ್ಯಬಹುದು. ಆ ಒಂದರಲ್ಲಿ ಹುಡುಗನು ಕಲಿತರೆ ಯಾವ ಜೀವಕ್ಕೂ ನಾವು ಕಾರಣರಾಗುವುದಿಲ್ಲ.

ಆರೋಗ್ಯದ ಎಚ್ಚರಿಕೆಯೂ ಬೇಕು. ಜಿಂಕೆಗಳನ್ನು ಕೃಶಗೊಳಿಸಿ ಕೊಲ್ಲುವ ಮಿದುಳಿನ ರೋಗವೊಂದು ವಿಸ್ಕಾನ್ಸಿನ್ನಿನಲ್ಲಿ 2002ರಲ್ಲಿ ಪತ್ತೆಯಾಯಿತು. ಆದುದರಿಂದ ಮಿದುಳು, ಬೆನ್ನುಹುರಿಗಳಿರುವ ಭಾಗವನ್ನು ಊರಿಂದೂರಿಗೆ ಸಾಗಿಸಲು ಅಲ್ಲಿ ನಿರ್ಬಂಧಗಳಿವೆ. ಜಿಂಕೆಯ ಮೈಮೇಲಿನ ಉಣ್ಣೆಗಳಿಂದ ಜ್ವರ ಬರುವುದುಂಟು. ಹದಮಾಡುವ ಆಮ್ಲ ಕಣ್ಣಿಗೆ ಅಪಾಯಕಾರಿ. ಕೈಗವಸು, ಕನ್ನಡಕ, ಗಾಳಿಯಾಡುವ ಸ್ಥಳ, ಅನುಭವಿ ಹಿರಿಯರ ಸಮಕ್ಷಮ—ಇವಿಲ್ಲದೆ ಪ್ರಾರಂಭಿಸಕೂಡದು.

ಇಷ್ಟು ಹುಡುಗನ ವಿಚಾರವಾಯಿತು. ಅವನು ಕೇಳಿದ ಪ್ರಶ್ನೆ ಇನ್ನೂ ಉಳಿದಿದೆ. ಊರಿನ ಪಡಸಾಲೆಯಲ್ಲಿರುವ ಜಿಂಕೆಯ ತಲೆ ಎಲ್ಲಿಂದ ಬಂತು?

ಕರ್ನಾಟಕದ ಹಳೆಯ ಮನೆಗಳಲ್ಲಿ ಇಂಥ ತಲೆಗಳು, ಹುಲಿ-ಜಿಂಕೆಗಳ ಚರ್ಮಗಳು ಇರುವುದು ಅಪೂರ್ವವೇನಲ್ಲ. ಮೈಸೂರಿನಲ್ಲಿ ವ್ಯಾನ್ ಇಂಗನ್ ಕುಟುಂಬದ ಕಾರ್ಖಾನೆಯು 1900ರ ಸುಮಾರಿನಿಂದ 1999ರವರೆಗೆ ಈ ಕೆಲಸಕ್ಕೆ ಜಗತ್ಪ್ರಸಿದ್ಧವಾಗಿತ್ತು. ಅರಸರು, ಬ್ರಿಟಿಷ್ ಅಧಿಕಾರಿಗಳು ಬೇಟೆಯಾಡಿದ ಸಾವಿರಾರು ಹುಲಿ-ಚಿರತೆಗಳು ಅಲ್ಲಿ ಕಾಗದದ ರಚ್ಚಿನ ಒಳಮೈಯ ಮೇಲೆ ರೂಪ ತಳೆದವು. ಎಷ್ಟೋ ತಲೆಗಳು ಊರಿನ ಬೇಟೆಗಾರರ ಕೈಯಿಂದಲೇ ಸಿದ್ಧವಾದವು. ಅಂದು ಅದು ಪ್ರತಿಷ್ಠೆಯ ಚಿಹ್ನೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಪರಿಸ್ಥಿತಿ ಬದಲಾಯಿತು. ನಮ್ಮ ಚುಕ್ಕೆಜಿಂಕೆ, ಕಡವೆ, ಕೃಷ್ಣಮೃಗಗಳೆಲ್ಲ ಸಂರಕ್ಷಿತ ಪ್ರಾಣಿಗಳು. ಇವುಗಳ ಕೊಂಬು, ಎಲುಬು, ಚರ್ಮ ಎಲ್ಲವೂ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿಯಿಲ್ಲದೆ ಚರ್ಮಪ್ರಸಾಧನದ ವೃತ್ತಿ ನಡೆಸುವಂತಿಲ್ಲ. ಇಲ್ಲಿ ಕಾಡಿನಲ್ಲಿ ತಾನಾಗಿ ಸತ್ತ ಜಿಂಕೆಯನ್ನೂ ಮನೆಗೆ ತರುವ ಹಕ್ಕು ಯಾರಿಗೂ ಇಲ್ಲ. ಅಮೆರಿಕದ ಹುಡುಗನು ಮಾಡಬಹುದಾದ ಹವ್ಯಾಸವನ್ನು ಇಲ್ಲಿನ ಹುಡುಗನು ಮಾಡಲಾಗದು. ಹಳೆಯ ವಸ್ತುಗಳನ್ನು ಘೋಷಿಸಿಕೊಳ್ಳಲು 2003ರಲ್ಲಿ ಕೇಂದ್ರ ಸರ್ಕಾರವು 180 ದಿನಗಳ ಅವಕಾಶ ಕೊಟ್ಟಿತ್ತು. ಒಡೆತನದ ಪ್ರಮಾಣಪತ್ರವಿರುವ ವಸ್ತುವು ಉತ್ತರಾಧಿಕಾರದಿಂದ ಬಂದರೆ 90 ದಿನಗಳೊಳಗೆ ತಿಳಿಸಬೇಕೆಂಬ ನಿಯಮವೂ ಇದೆ. 2024ರ ಆರಂಭದಲ್ಲಿ ಕರ್ನಾಟಕ ಸರ್ಕಾರವು ದಾಖಲೆಯಿಲ್ಲದ ವಸ್ತುಗಳನ್ನು ಒಪ್ಪಿಸಲು ಮೂರು ತಿಂಗಳ ಕಾಲಾವಕಾಶ ನೀಡಿತ್ತು.

ಆ ಸಮಯದಲ್ಲಿ ನಮ್ಮ ಮನೆಯಲ್ಲಿಯೂ ಒಂದು ಪ್ರಸಂಗ ನಡೆಯಿತು. ನಮ್ಮ ಅಜ್ಜನವರು ಪೂಜೆಗೆ ಕುಳಿತುಕೊಳ್ಳುತ್ತಿದ್ದ ಜಿಂಕೆಯ ಚರ್ಮವೊಂದು ಅಟ್ಟದ ಪೆಟ್ಟಿಗೆಯಲ್ಲಿತ್ತು. ಕಾಗದಪತ್ರವೇನೂ ಇರಲಿಲ್ಲ. "ಹಿರಿಯರು ಲಿಂಗಪೂಜೆಗೆ ಕುಳಿತ ಆಸನವನ್ನು ಕಚೇರಿಗೆ ಕೊಡುವುದೇ?" ಎಂದು ನಮ್ಮ ತಂದೆಯವರು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಅವರೇ ಪೆಟ್ಟಿಗೆಯನ್ನು ತೆರೆದರು. ಚರ್ಮವು ಅರ್ಧ ಹುಳುಬಿದ್ದು, ಮುಟ್ಟಿದಲ್ಲಿ ಕೂದಲು ಉದುರುತ್ತಿತ್ತು. "ಇಷ್ಟಲಿಂಗವಿರುವುದು ಕರಸ್ಥಲದಲ್ಲಿ, ಕೆಳಗೆ ಕಂಬಳಿ ಇದ್ದರೂ ನಡೆಯುತ್ತದೆ" ಎಂದು ಹೇಳಿ, ಅರಣ್ಯ ಇಲಾಖೆಯ ಕಚೇರಿಗೆ ತಾವೇ ನಮ್ಮೊಡನೆ ಬಂದು ಒಪ್ಪಿಸಿ ರಸೀತಿ ಪಡೆದರು. ಹಿಂದಿರುಗುವಾಗ ಅವರು ಮೌನವಾಗಿದ್ದರು. ಅಜ್ಜನವರ ನೆನಪನ್ನು ಕೊಟ್ಟುಬಂದೆವೆಂಬ ನೋವು ನಮಗೂ ಇತ್ತು. ಇಲ್ಲವೆಂದು ಬರೆದರೆ ಸುಳ್ಳಾದೀತು. ಆದರೆ ಮೊಮ್ಮಕ್ಕಳ ಮುಂದೆ ಮುಚ್ಚಿಡಬೇಕಾದ ವಸ್ತುವೊಂದು ಮನೆಯಲ್ಲಿ ಉಳಿಯಲಿಲ್ಲವೆಂಬ ನೆಮ್ಮದಿ ಅದಕ್ಕಿಂತ ದೊಡ್ಡದು.

ಆದುದರಿಂದ ಓದುಗ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಪಡಸಾಲೆ, ಅಟ್ಟ, ದೇವರ ಕೋಣೆಗಳನ್ನು ಒಮ್ಮೆ ನೋಡಿರಿ. ಇಂಥ ವಸ್ತುವಿದ್ದರೆ ಮೊದಲು ಒಡೆತನದ ಪ್ರಮಾಣಪತ್ರವಿದೆಯೇ ಎಂದು ಹುಡುಕಿರಿ. ಇಲ್ಲವಾದರೆ ಅದನ್ನು ಮಾರುವುದು, ಆಸ್ತಿ ಪಾಲಾಗುವಾಗ ಹಂಚಿಕೊಳ್ಳುವುದು, ಉಡುಗೊರೆ ಕೊಡುವುದು, ಗುಟ್ಟಾಗಿ ಸುಡುವುದು ಯಾವುದೂ ಬೇಡ. ತಿಳಿದ ವಕೀಲರನ್ನು ವಿಚಾರಿಸಿ, ಅರಣ್ಯ ಇಲಾಖೆಗೆ ಲಿಖಿತವಾಗಿ ತಿಳಿಸುವುದು ಒಳ್ಳೆಯ ಮಾರ್ಗ. ಇನ್ನೊಂದು ಮಾತು: ಹಿಂದಿನ ಕಾಲದಲ್ಲಿ ಹುಳು ಹಿಡಿಯದಂತೆ ಚರ್ಮದ ಒಳಗೆ ಪಾಷಾಣವನ್ನು ಬಳಿಯುವ ರೂಢಿ ಎಲ್ಲೆಡೆ ಇತ್ತು. ಆದ್ದರಿಂದ ಹಳೆಯ ತಲೆಯ ಮೇಲಿನ ಧೂಳನ್ನು ಬಾಯಿಂದ ಊದುವುದಾಗಲಿ, ಮಕ್ಕಳು ಮುಟ್ಟಿ ಆಡುವುದಾಗಲಿ ಸಲ್ಲದು.

ಪತ್ರ ಬರೆದ ತಾಯಿಯವರಿಗೆ ನಮ್ಮ ಉತ್ತರವಿಷ್ಟು. ಹುಡುಗನ ಹಟದಲ್ಲಿ ಕೇಡಿಲ್ಲ. ಕೈಯಿಂದ ಏನನ್ನಾದರೂ ಮಾಡಬೇಕೆಂಬ ಆಸೆ ಈ ಕಾಲದಲ್ಲಿ ದುರ್ಲಭವಾದ ಸದ್ಗುಣ. ಮೊದಲ ವರ್ಷ ಅವನು ಹಿತ್ತಲಿಗೆ ಬರುವ ಜಿಂಕೆಗಳನ್ನು ನೋಡಿ ನೋಡಿ ಜೇಡಿಮಣ್ಣಿನಲ್ಲಿ ಒಂದು ತಲೆಯನ್ನು ಮಾಡಲಿ. ಏಕ್ಲಿಯವರ ವಿದ್ಯೆಯ ಮೂಲವೂ ಮಣ್ಣೇ. ಅನಂತರವೂ ಆಸೆ ಉಳಿದರೆ, ಯಾರೂ ಕೊಲ್ಲದ ಜಿಂಕೆಯೊಂದರ ಮೇಲೆ, ಅನುಮತಿಯೊಡನೆ, ಆ ಹಿರಿಯರ ಬಳಿ ಕಲಿಯಲಿ. ಭಾರತಕ್ಕೆ ಮಾತ್ರ ಅದನ್ನು ಉಡುಗೊರೆಯಾಗಿ ತರುವ ಯೋಚನೆ ಬೇಡ. ಪರವಾನಗಿಯಿಲ್ಲದೆ ತಂದರೆ ತೊಂದರೆಯಾದೀತು.

ಮತ್ತು ತಾಯೀ, ತಾವು ಊರಿನಲ್ಲಿರುವ ತಮ್ಮವರಿಗೆ ಇಂದೇ ಒಂದು ಮಾತು ತಿಳಿಸಿರಿ. ಪಡಸಾಲೆಯ ಆ ಜಿಂಕೆಯ ವಿಚಾರವನ್ನು ಮೊದಲು ಇತ್ಯರ್ಥ ಮಾಡಿ, ಬಳಿಕ ಮೊಮ್ಮಗನನ್ನು ಹತ್ತಿರ ಕೂಡಿಸಿಕೊಂಡು ಹಿರಿಯರ ಕಾಲದಲ್ಲಿ ಏನು ನಡೆದಿತ್ತೆಂಬುದನ್ನು ಇದ್ದಂತೆ ಹೇಳಿರಿ. ಆಗ ತಾವು ಹೇಳುವ ಬುದ್ಧಿಮಾತನ್ನು ಅವನು ಖಂಡಿತ ಕೇಳುವನು.