43 ದಿನ ಮರೆತ ಕಿತ್ತೂರು ಉತ್ಸವ

ಅಕ್ಟೋಬರ್ ಬಂತೆಂದರೆ ಬೆಳಗಾವಿ ಜಿಲ್ಲೆಯಲ್ಲಿ ಅದೇ ಚರ್ಚೆ. ಕಿತ್ತೂರು ಉತ್ಸವಕ್ಕೆ ಎಷ್ಟು ಕೋಟಿ ಬಂತು, ಯಾವ ಗಾಯಕರು ಬರುತ್ತಾರೆ, ಮುಖ್ಯಮಂತ್ರಿ ಉದ್ಘಾಟನೆಗೋ ಸಮಾರೋಪಕ್ಕೋ? 2021ರ ನವೆಂಬರ್‌ನಲ್ಲಿ ಸಚಿವ ಸಂಪುಟ ಮುಂಬೈ ಕರ್ನಾಟಕವನ್ನು ಕಿತ್ತೂರು ಕರ್ನಾಟಕ ಎಂದು ಕರೆದ ಮೇಲೆ ಇದಕ್ಕೊಂದು ವಾದವೂ ಜೊತೆಯಾಗಿದೆ. ಏಳು ಜಿಲ್ಲೆಗಳಿಗೆ ಒಂದು ಹೆಸರು ಸಿಕ್ಕಿತು, ಇನ್ನು ಒಂದು ಹಬ್ಬ ಬೇಕು, ಉತ್ಸವ ದೊಡ್ಡದಾದಷ್ಟೂ ಅಸ್ಮಿತೆ ಗಟ್ಟಿಯಾಗುತ್ತದೆ ಎಂಬುದು ಅದರ ಸಾರ.

ಈ ವಾದ ತಪ್ಪು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನಕ್ಕೆ ಹಬ್ಬದ ಕೊರತೆ ಎಂದೂ ಇರಲಿಲ್ಲ. ಕೊರತೆ ಇರುವುದು ಉತ್ಸವಕ್ಕೆ, ಅದೂ ಹಣದ್ದಲ್ಲ, ದಿನಗಳದ್ದು. ಸರಿಯಾಗಿ ಹೇಳುವುದಾದರೆ 43 ದಿನಗಳದ್ದು.

ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರು ಕೋಟೆಯ ಬಾಗಿಲಲ್ಲಿ ಸತ್ತುಬಿದ್ದದ್ದು 1824ರ ಅಕ್ಟೋಬರ್ 23ರಂದು. ಕೋಟೆ ಬ್ರಿಟಿಷರ ಕೈಸೇರಿದ್ದು ಡಿಸೆಂಬರ್ 5ರಂದು. ನಡುವಿನ ಅಂತರ 43 ದಿನ. ಉತ್ಸವ ಅಕ್ಟೋಬರ್ 23ಕ್ಕೆ ಶುರುವಾಗಿ 25ಕ್ಕೆ ಮುಗಿಯುತ್ತದೆ. ಅಂದರೆ ಗೆಲುವಿನ ಮೂರನೆಯ ದಿನಕ್ಕೆ ಶಾಮಿಯಾನ ಕಳಚಿ ಎಲ್ಲರೂ ಮನೆಗೆ. ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳಾದ ಸ್ಟೀವನ್ಸನ್ ಮತ್ತು ಎಲಿಯಟ್ ಅವರನ್ನು ಮುಂದಿಟ್ಟುಕೊಂಡು ನಡೆದ ಮಾತುಕತೆ, ದಖ್ಖನದ ಕಮಿಷನರ್ ಚಾಪ್ಲಿನ್ ಜಮಾಯಿಸಿದ ದಂಡು, ಎರಡನೆಯ ಕಾಳಗದಲ್ಲಿ ಸತ್ತ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ, ಮದ್ದಿಗೆ ಸಗಣಿ ಬೆರೆಸಿ ಕೆಡಿಸಿದರು ಎಂದು ಜನ ಇಂದಿಗೂ ಹಲ್ಲು ಕಚ್ಚಿ ಹೇಳುವ ದ್ರೋಹದ ಕತೆ, ಇವೆಲ್ಲ ಆಮೇಲಿನವು. ಬೈಲಹೊಂಗಲದ ಕೋಟೆಯಲ್ಲಿ ರಾಣಿ ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಅದಕ್ಕೂ ಆಮೇಲೆ.

ಯಾರೂ ಗಮನಿಸದ ಸಂಗತಿ ಇನ್ನೊಂದಿದೆ. ಈ ಎರಡೂ ತಾರೀಖುಗಳನ್ನು ಪಂಚಾಂಗಕ್ಕೆ ಇಳಿಸಿ ನೋಡಿ. ಕಷ್ಟವೇನಿಲ್ಲ. 1824ರ ಜೂನ್ 26ರಂದು ಸೂರ್ಯಗ್ರಹಣವಿತ್ತು, ಅಲ್ಲಿಂದ ನಾಲ್ಕು ಅಮಾವಾಸ್ಯೆ ಮುಂದಕ್ಕೆ ಎಣಿಸಿದರೆ ಸಾಕು. ಅಕ್ಟೋಬರ್ 23, ಶನಿವಾರ, ದೀಪಾವಳಿ ಅಮಾವಾಸ್ಯೆ ಮತ್ತು ಪಾಡ್ಯದ ಸಂದಿಗೆ ಬಂದು ನಿಲ್ಲುತ್ತದೆ. ಇನ್ನೂ ಒಂದೂವರೆ ತಿಂಗಳು ಎಣಿಸಿ. ಡಿಸೆಂಬರ್ 5 ಮಾರ್ಗಶಿರದ ಹುಣ್ಣಿಮೆಗೆ ತಾಗುತ್ತದೆ, ಹೆಚ್ಚೆಂದರೆ ಒಂದು ದಿನ ಆಚೀಚೆ. ನಮ್ಮ ಕಡೆ ಅದು ಹೊಸ್ತಿಲ ಹುಣ್ಣಿಮೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಇಂದಿಗೂ ದೇವಿಯ ಕಂಕಣ ಬಿಚ್ಚಿ, ಬಳೆ ಒಡೆದು, ಆಕೆಯ ಗಂಡ ಜಮದಗ್ನಿಯ ಸಾವಿಗೆ ಶೋಕ ಆಚರಿಸುವ ದಿನ. ರಂಡೆ ಹುಣ್ಣಿಮೆ ಎಂಬ ಹೆಸರು ಸರ್ಕಾರಿ ಕರಪತ್ರದಲ್ಲಿ ಸಿಗಲಿಕ್ಕಿಲ್ಲ, ಜನರ ಬಾಯಲ್ಲಿದೆ.

ದೀಪಾವಳಿಯ ಪಾಡ್ಯಕ್ಕೆ ಹಟ್ಟಿಯಲ್ಲಿ ಸಗಣಿಯ ಪಾಂಡವರನ್ನು ಕೂಡಿಸುವ ಹೊತ್ತಿಗೆ ಗೆಲುವು, ಎಲ್ಲಮ್ಮ ಮುತ್ತೈದೆತನ ಕಳೆದುಕೊಳ್ಳುವ ಹುಣ್ಣಿಮೆಗೆ ಸೋಲು. ಇದನ್ನು ದೈವಸಂಕಲ್ಪ ಎನ್ನುವಷ್ಟು ಭೋಳೆತನ ನನಗಿಲ್ಲ, ಕಾಕತಾಳೀಯವೇ ಇರಲಿ. ಆದರೆ ಇಂಗ್ಲಿಷ್ ತಾರೀಖು ಕಟ್ಟಿಕೊಂಡು ಏನೂ ಮಾಡದಿದ್ದ ಆ ಕಾಲದ ರೈತಾಪಿಗಳು ಈ ಎರಡು ದಿನಗಳನ್ನು ಬೇರೆ ಯಾವ ಲೆಕ್ಕದಲ್ಲಿ ಗುರುತಿಟ್ಟುಕೊಂಡಿದ್ದಾರು? ದೀಪಾವಳಿಗೆ ಗೆದ್ದೆವು, ಹೊಸ್ತಿಲ ಹುಣ್ಣಿವಿಗೆ ಸೋತೆವು ಎಂದೇ ಅಲ್ಲವೇ? ಊರಿನ ಕ್ಯಾಲೆಂಡರಿನಲ್ಲೇ ನಡೆದ ಯುದ್ಧವನ್ನು ನಾವು ಇಲಾಖೆಯ ಕ್ಯಾಲೆಂಡರಿಗೆ ಎತ್ತಿಟ್ಟೆವು. ಎತ್ತಿಡುವಾಗ ಸೋಲು ಕೆಳಗೆ ಬಿತ್ತು.

ಸೋಲಿನ ನೆನಪು ಯಾಕೆ ಬೇಕು ಎನ್ನುವವರಿಗೆ ಸಂಗೊಳ್ಳಿಯೇ ಉತ್ತರ. ಅಲ್ಲಿಯ ರಾಯಣ್ಣನೆಂಬ ಬಂಡಾಯಗಾರ ಹುಟ್ಟಿಬಂದದ್ದು ಅಕ್ಟೋಬರ್ 23ರ ಗೆಲುವಿನಿಂದಲ್ಲ, ಡಿಸೆಂಬರ್ 5ರ ಸೋಲಿನಿಂದ. ಕೋಟೆ ಬಿದ್ದ ಮೇಲೆ ಬ್ರಿಟಿಷರು ಶೇತಸನದಿಗಳ, ಅಂದರೆ ಸಿಪಾಯಿ ಸೇವೆಗೆ ಪ್ರತಿಯಾಗಿ ಜಮೀನು ಪಡೆದವರ, ಹೊಲಕ್ಕೆ ಕೈಹಾಕಿದರು, ಉಳಿದದ್ದಕ್ಕೆ ಕರ ಏರಿಸಿದರು. ಆ ಸಿಟ್ಟು ಸರ್ಕಾರಿ ಕಚೇರಿಗಳಿಗೆ ಬೆಂಕಿ ಇಟ್ಟಿತು, 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿತು. ಅಲ್ಲಿನ ಆಲದ ಮರಕ್ಕೆ ಮಕ್ಕಳಾಗದ ಹೆಂಗಸರು ತೊಟ್ಟಿಲು ಕಟ್ಟುತ್ತಾರೆ. ಯಾವ ಇಲಾಖೆಯೂ ಅವರಿಗೆ ಆಮಂತ್ರಣ ಪತ್ರಿಕೆ ಕಳಿಸಿರಲಿಲ್ಲ.

ತಿಥಿ, ಹುಣ್ಣಿಮೆ ಎಂದ ಕೂಡಲೇ ಇದನ್ನು ಧರ್ಮದ ಖಾತೆಗೆ ಜಮಾ ಮಾಡಲು ಕಾದಿರುವವರಿದ್ದಾರೆ. ಅವರು ಒಮ್ಮೆ ಸವದತ್ತಿ ತಾಲ್ಲೂಕಿಗೆ ಬರಲಿ. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಯೊಂದು ಐದು ದಿನ ಮೊಹರಂ ಆಚರಿಸುವುದು 2022ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಅಲ್ಲಿನ ಮಸೀದಿಯ ಪೂಜೆ ಹಿಂದೂ ಪೂಜಾರಿಯದು. ಹೊರಗಿನವರಿಗೆ ಅಚ್ಚರಿ. ಉತ್ತರ ಕರ್ನಾಟಕದಲ್ಲಿ ಅಲೈ ಕುಣಿದು ಬೆಳೆದವರಿಗೆ ಇದರಲ್ಲಿ ಸುದ್ದಿ ಏನಿದೆ ಎಂಬುದೇ ಅಚ್ಚರಿ. ಚಂದ್ರನ ಲೆಕ್ಕ ಇಲ್ಲಿ ಯಾರೊಬ್ಬರ ಸ್ವತ್ತೂ ಅಲ್ಲ.

ಗಡಿಯ ಮಾತೂ ಹಾಗೆಯೇ. 2022ರ ಡಿಸೆಂಬರ್ 6ರಂದು ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರ ನೋಂದಣಿಯ ವಾಹನಗಳ ಮೇಲೆ ಕಲ್ಲು ಬಿದ್ದವು. ಮರುದಿನವೇ ಹೊಸ್ತಿಲ ಹುಣ್ಣಿಮೆ ಕೂಡುತ್ತಿತ್ತು. ಕೊಲ್ಲಾಪುರ, ಸಾಂಗಲಿ ಕಡೆಯ ಭಕ್ತರು ಭಂಡಾರ ಹಚ್ಚಿಕೊಂಡು ಗುಡ್ಡದಲ್ಲಿ ಉಧೋ ಉಧೋ ಎನ್ನುವ ಹೊತ್ತು. ಅಸ್ಮಿತೆಯನ್ನು ನಂಬರ್ ಪ್ಲೇಟಿನಲ್ಲಿ ಓದುವವರಿಗೆ ಆ ಕೂಗು ಕನ್ನಡದ್ದೋ ಮರಾಠಿಯದೋ ಎಂದು ಕೇಳಿದರೆ ಏನೆಂದಾರು?

ಹಾಗೆಂದು ಜನರ ಹಬ್ಬವೆಲ್ಲ ಚಿನ್ನ ಎನ್ನಲಾರೆ. ಎಲ್ಲಮ್ಮನ ಬಳೆಯ ಜೊತೆಗೆ ದೇವಿಗೆ ಬಿಟ್ಟ ಹೆಣ್ಣುಮಕ್ಕಳ ಬಳೆಯನ್ನೂ ಇದೇ ಹುಣ್ಣಿಮೆಗೆ ಒಡೆಸಲಾಗುತ್ತಿತ್ತು. ಹಬ್ಬ ಅವರಿಗೂ ಒಂದು ಗುರುತು ಕೊಟ್ಟಿತ್ತು. ಅದನ್ನು ಅಳಿಸಲು 1982ರ ದೇವದಾಸಿ ನಿಷೇಧ ಕಾಯ್ದೆಯೇ ಬರಬೇಕಾಯಿತು, ಕಾಯ್ದೆಯೊಂದೇ ಸಾಲಲೂ ಇಲ್ಲ. 2024ರಲ್ಲಿ ಕೇಂದ್ರ ಸರ್ಕಾರ ಗುಡ್ಡದ ಪ್ರವಾಸೋದ್ಯಮಕ್ಕೆ 100 ಕೋಟಿ ರೂಪಾಯಿ ಮಂಜೂರು ಮಾಡಿದಾಗ ಎಲ್ಲರೂ ಪಾರ್ಕಿಂಗ್, ಯಾತ್ರಿ ನಿವಾಸಗಳ ಲೆಕ್ಕ ಹಾಕಿದರು. ಹಳೆಯ ಜೋಗತಿಯರ ಲೆಕ್ಕ ಯಾರ ಬಾಯಿಂದಲೂ ಬರಲಿಲ್ಲ.

ರಾಮದುರ್ಗವನ್ನು ಕಿತ್ತೂರಿನ ಹೆಸರಿನೊಳಗೆ ತುರುಕುವ ಆತುರವೂ ಸಲ್ಲದು. ಅದು ಭಾವೆ ಮನೆತನದ ಬೇರೆಯೇ ಸಂಸ್ಥಾನ. ಅಲ್ಲಿಯ ಜನ 1939ರ ಏಪ್ರಿಲ್‌ನಲ್ಲಿ ದಂಗೆ ಎದ್ದದ್ದು ತಮ್ಮದೇ ಅರಸನ ಆಳ್ವಿಕೆಯ ವಿರುದ್ಧ. ಗೊಡಚಿ ವೀರಭದ್ರನ ಜಾತ್ರೆಗೆ ಸೇರುವ ರಾಮದುರ್ಗದವರು ಕಿತ್ತೂರಿನ ಪ್ರಜೆಗಳಾಗಿ ಸೇರುವುದಿಲ್ಲ. ಆದರೂ ಆ ಜಾತ್ರೆ ಬೀಳುವುದು ಅದೇ ಮಾರ್ಗಶಿರದಲ್ಲಿ. ನಾಲ್ಕು ತಾಲ್ಲೂಕುಗಳನ್ನು ಒಂದೇ ಹೆಸರಿಗಿಂತ ಒಂದೇ ಮಾಸ ಹೆಚ್ಚು ಹತ್ತಿರ ತಂದಿದೆ.

ಅಕ್ಟೋಬರ್ 23 ಹಾಗೇ ಇರಲಿ, ಅದನ್ನು ಕದಲಿಸಬೇಕಿಲ್ಲ. ಮೂರನೆಯ ರಾತ್ರಿಯ ರಸಮಂಜರಿಯ ಹಣ ಉಳಿಸಿ ಡಿಸೆಂಬರ್ 5ನ್ನು ಬೈಲಹೊಂಗಲಕ್ಕೆ ಕೊಡಿ. ರಾಣಿಯ ಸಮಾಧಿಯ ಬಳಿ ವೇದಿಕೆ, ಫ್ಲೆಕ್ಸ್ ಬೇಡ. ಶೇತಸನದಿ ಜಮೀನಿನ ದಫ್ತರಗಳನ್ನು ಓದಿಸಿ, ಗೀಗಿ ಮೇಳದವರಿಂದ ಇಡೀ ಕತೆ ಹಾಡಿಸಿ. ಶಾಸಕರನ್ನು ದೂರದಿಂದ ಕರೆತರುವ ಖರ್ಚೂ ಇರದು. ಅಧಿವೇಶನ ಬೆಳಗಾವಿಯಲ್ಲಿ ನಡೆಯುವುದು ಹೆಚ್ಚಾಗಿ ಡಿಸೆಂಬರ್‌ನಲ್ಲೇ.