ಡಬ್ಬಿ ರದ್ದಿಗೆ ಹಾಕೀನಿ

ಪಿಗ್ಮಿ ಕಟ್ಟಿ ಕೂಡಿಸಿದ ರೊಕ್ಕದಾಗ ಲ್ಯಾಪ್‌ಟಾಪ್ ತೊಗೊಂಡೆ. ನಾಲ್ಕು ದಿನಾ ಆಗಿಲ್ಲಾ, ಮಗನ ಫೋನು: "ಅವ್ವಾ, ನಿನಗ್ಯಾಕ ಅಷ್ಟು ದೊಡ್ಡದು? ವಾಪಸ್ ಕೊಟ್ಟು ಟ್ಯಾಬ್ ತೊಗೋ. ಅಡಗಿ ವಿಡಿಯೋ ನೋಡ್ಲಿಕ್ಕೆ, ಮೊಮ್ಮಗಳ ಮಾರಿ ನೋಡ್ಲಿಕ್ಕೆ ಸಾಕು." ನಮ್ಮ ಮನಿಯವರೂ ಪೇಪರಿನ ಮ್ಯಾಲಿಂದ ಕಣ್ಣು ತಗೀದನ ಹೌದು ಅಂದ್ರು.

ಅಂದ್ರ ನಾ ಬರೇ ನೋಡ್ಕೋತ ಕೂಡಬೇಕೇನು? ಬರೀಬಾರದಾ?

ಟ್ಯಾಬ್ ಹಗರ ಅದ, ಮಲಕೊಂಡು ನೋಡ್ಲಿಕ್ಕೆ ಛೊಲೋ, ಒಪ್ತೀನಿ. ಆದ್ರ ಗಾಜಿನ ಮ್ಯಾಲೆ ಬಟ್ಟು ಒತ್ತಿ ಒಂದು ಪುಟಾ ಬರದು ನೋಡ್ರಿ! ಕೀಲಿಮಣಿ ಮೂಡಿತಂದ್ರ ಅರ್ಧಾ ಪರದೆ ಅದಕ್ಕ ಹೋತು. ಬ್ಯಾರೆ ಕೀಬೋರ್ಡ್ ಹಚ್ಚಬಹುದಂತ. ಅದಕ್ಕೊಂದು ರೊಕ್ಕ, ಸ್ಟ್ಯಾಂಡಿಗೊಂದು ರೊಕ್ಕ. ಎಲ್ಲಾ ಕೂಡಿಸಿದ್ರ ಕಡೀಕ ಲ್ಯಾಪ್‌ಟಾಪ್ ಆತಲ್ಲೋ!

ನಾ ಕೆ.ಪಿ. ರಾವ್ ಅವರ ಕೀಲಿಮಣಿ ವಿನ್ಯಾಸ ಕಲ್ತೀನಿ. ಒತ್ತಕ್ಷರಕ್ಕ ನಡುವ ಎಫ್ ಬೇಕು. ಎ, ವಿ, ಎಫ್, ವಿ ಒತ್ತಿದ್ರ 'ಅವ್ವ'. ಮೊದಲ್ನೇ ಸಲ ಅದು ಮೂಡಿದಾಗ ಒಬ್ಬಾಕಿನ ನಕ್ಕೆ. ನಮ್ಮ ಅತ್ತಿಯವರು ಕೈಲೆ ಬರದಿಟ್ಟ ಹಾಡಿನ ವಹಿ ಹಾಳಿ ಮುಟ್ಟಿದ್ರ ಪುಡಿ ಆಗ್ತಾವ. ಹನ್ನೊಂದು ಹಾಡು ಟೈಪ್ ಆಗ್ಯಾವ, ಇನ್ನೂ ಭಾಳ ಅವ.

ವಾಪಸ್ ಕೊಡ್ಲಿಕ್ಕೆ ನಾಡಿದ್ದಿನ ತನಕ ವ್ಯಾಳೆ ಅದ ಅಂತ ಮಗಾ ಮತ್ತ ನೆನಪು ಮಾಡಿದ. ಡಬ್ಬಿ ನಿನ್ನೇನ ರದ್ದಿಯಂವಗ ಹಾಕೀನಿ.