ಬಿಸಿಲಿಗೆ ಬಾಡಿಗೆ ಬಂತು, ಕೂಲಿಗೆ ಏನು ಬಂತು?

ಪಾವಗಡದ ಬಿಸಿಲು ಈಗ ಹಣವಾಗಿದೆ. ಆ ಹಣ ಯಾರ ಕೈ ಸೇರುತ್ತಿದೆ ಎಂಬುದನ್ನು ಶ್ರಮಜೀವಿಗಳಾದ ನಾವು ವಿಚಾರಿಸಬೇಕಾಗಿದೆ.

ತುಮಕೂರು ಜಿಲ್ಲೆಯ ಈ ತಾಲೂಕು ಬರಕ್ಕೆ ಹೆಸರಾದದ್ದು. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ಬೆಂಗಳೂರಿನ ಕೂಲಿ. ಅಲ್ಲಿಯ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ 5 ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಸ್ಥಾವರ ನಿಂತಿದೆ. 2018ರ ಮಾರ್ಚ್ ತಿಂಗಳಲ್ಲಿ ಆರಂಭವಾಗಿ, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಒಂದು ಕಿಲೋವಾಟಿನ ಇಸ್ತ್ರಿಪೆಟ್ಟಿಗೆ ಇಪ್ಪತ್ತು ಲಕ್ಷ ಒಮ್ಮೆಗೇ ಕಾಯುವಷ್ಟು ಶಕ್ತಿ! ಹೊತ್ತು ಮುಳುಗಿದರೆ ಸೊನ್ನೆ ಎಂಬುದು ಬೇರೆ ಮಾತು.

ಒಳ್ಳೆಯದನ್ನು ಒಳ್ಳೆಯದೆಂದೇ ಹೇಳೋಣ. ಇಲ್ಲಿ ಸರ್ಕಾರ ರೈತನ ಭೂಮಿಯನ್ನು ಕಸಿದುಕೊಳ್ಳಲಿಲ್ಲ. 28 ವರ್ಷಗಳ ಗುತ್ತಿಗೆಗೆ ತೆಗೆದುಕೊಂಡಿತು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಅಣೆಕಟ್ಟಿಗೂ ಕಾರ್ಖಾನೆಗೂ ಮನೆಮಠ ಕಳೆದುಕೊಂಡವರ ಪಾಡು ನೋಡಿದವರಿಗೆ ಇದು ಎಷ್ಟೋ ಮೇಲು ಎನಿಸುತ್ತದೆ.

ಆದರೆ ಲೆಕ್ಕ ಹಾಕಿ ನೋಡಿರಿ. ಎರಡು ವರ್ಷಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಎರಡೂವರೆ. ಅದೇ ಲೆಕ್ಕದಲ್ಲಿ 28ನೆಯ ವರ್ಷಕ್ಕೆ ಎಕರೆಗೆ 40,000 ಕೂಡ ಮುಟ್ಟುವುದಿಲ್ಲ. ಅಕ್ಕಿ, ಎಣ್ಣೆ, ಮಕ್ಕಳ ಫೀಸು ವರ್ಷಕ್ಕೆ ಎರಡೂವರೆಯಂತೆ ಏರುತ್ತವೆಯೇ? ಮುಂಬಯಿಯ ಗಿರಣಿ ಕಾರ್ಮಿಕರು ತುಟ್ಟಿಭತ್ಯೆಯನ್ನು ಬೆಲೆ ಸೂಚ್ಯಂಕಕ್ಕೆ ಕಟ್ಟಿಸಿಕೊಂಡದ್ದು ಇದೇ ಕಾರಣಕ್ಕೆ. ಭೂಮಿಯ ಬಾಡಿಗೆಯನ್ನೂ ಹಾಗೆಯೇ ಕಟ್ಟಬೇಕು.

ಇಷ್ಟಾದರೂ ಅದು ಭೂಮಿ ಇದ್ದವನ ಮಾತು. ಇಲ್ಲದವನ ಗತಿಯೇನು? ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರು, ಇವರ ಹೆಸರು ಯಾವ ಗುತ್ತಿಗೆ ಪತ್ರದಲ್ಲಿಯೂ ಇಲ್ಲ. ಹೊಲಕ್ಕೆ ಬೇಲಿ ಬಿದ್ದ ದಿನವೇ ಅವರ ಕೂಲಿಯೂ ಹೋಯಿತು, ಮೇವೂ ಹೋಯಿತು. ಕಟ್ಟುವಾಗ ಕೆಲಸವಿತ್ತು, ಕಟ್ಟಿ ಮುಗಿದ ಮೇಲೆ ಉಳಿದದ್ದು ಹುಲ್ಲು ಕೊಯ್ಯುವುದು, ಕಾವಲು ಕಾಯುವುದು, ಫಲಕಗಳ ಧೂಳು ತೊಳೆಯುವುದು. ನಾನು ಹೋಟೆಲಿನಲ್ಲಿ ವರ್ಷಗಟ್ಟಲೆ ತಟ್ಟೆ ತೊಳೆದವನು. ತೊಳೆಯುವವನಿಗೆ ಎಲ್ಲಕ್ಕಿಂತ ಕಡಿಮೆ ಸಂಬಳವೆಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಡುವೆ ಕಂತ್ರಾಟುದಾರನೊಬ್ಬ ಸೇರಿದರೆ ಅದರಲ್ಲಿಯೂ ಅವನ ಪಾಲು.

ಮುಂಬಯಿಯ ನಮಗೆ ಇದು ಹೊಸತಲ್ಲ. 1982ರ ಮುಷ್ಕರದ ಆನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಜಮೀನಿನಲ್ಲಿ ಮೂರರಲ್ಲೊಂದು ಪಾಲು ಬಡವರ ವಸತಿಗೆ ಎಂದು 1991ರ ನಿಯಮ ಹೇಳಿತು. 2001ರಲ್ಲಿ ಅದನ್ನು ತಿದ್ದಿ, ಹಂಚಿಕೆ ಖಾಲಿ ನೆಲಕ್ಕಷ್ಟೇ ಎಂದರು. ಯಂತ್ರ ನಡೆಸಿದವನು ಚಾಳಿನಲ್ಲೇ ಉಳಿದ. ಮೇಲೆ ಗಗನಚುಂಬಿ ಕಟ್ಟಡಗಳು ಎದ್ದವು. ನೆಲದ ಬೆಲೆ ಏರುವಾಗ ನೆಲದ ಮೇಲೆ ದುಡಿದವನನ್ನು ಲೆಕ್ಕದಿಂದ ಬಿಡುವ ಚಾಳಿ ಪಟ್ಟಣದಲ್ಲೂ ಹಳ್ಳಿಯಲ್ಲೂ ಒಂದೇ.

ಸೌರಶಕ್ತಿ ಬೇಡವೆಂದು ನಾನು ಹೇಳುವುದಿಲ್ಲ. ಕಲ್ಲಿದ್ದಲಿನ ಹೊಗೆಗಿಂತ ಬಿಸಿಲು ಲೇಸು. ನಾನು ಕೇಳುವುದು ಇಷ್ಟೇ: ಭೂರಹಿತ ಕೃಷಿ ಕೂಲಿಗಳನ್ನು ಮೊದಲೇ ಪಟ್ಟಿ ಮಾಡಿ, ಸ್ಥಾವರದ ಕೆಲಸವನ್ನು ಕಂತ್ರಾಟಿಲ್ಲದೆ ನೇರವಾಗಿ ಅವರಿಗೆ ಕೊಡಲಿ, ಕೆಲಸ ಸಿಗದ ಮನೆಗೆ ಮಾಸಿಕ ಭತ್ಯೆ ಕೊಡಲಿ. ಆ ಖರ್ಚನ್ನು ವಿದ್ಯುತ್ ಮಾರುವ ಕಂಪನಿಗಳು ಹೊರಲಿ.

ಇದು ದೂರದ ಪಾವಗಡದ ಮಾತೆಂದು ಪುಟ ತಿರುವಬೇಡಿರಿ. ಗದಗ, ಕೊಪ್ಪಳ, ವಿಜಯಪುರದ ಕಡೆಯಲ್ಲಿಯೂ ಗಾಳಿ-ಬಿಸಿಲಿನ ವಿದ್ಯುತ್ತಿಗಾಗಿ ಜಮೀನು ಕೇಳುವವರು ಬರುತ್ತಿದ್ದಾರೆ. ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಅಣ್ಣತಮ್ಮಂದಿರೊಡನೆ ಎರಡು-ಮೂರು ಎಕರೆಯ ಪಾಲುಂಟು. "ಒಂದು ಸಹಿ ಹಾಕಿ ಕಳಿಸು" ಎಂದು ಊರಿನಿಂದ ಫೋನು ಬಂದರೆ, ಸಹಿಗೆ ಮುಂಚೆ ಆ ಕಾಗದದ ನಕಲು ತರಿಸಿರಿ. ಎಷ್ಟು ವರ್ಷದ ಗುತ್ತಿಗೆ, ಏರಿಕೆ ಎಷ್ಟು, ಕಂಪನಿ ಕೈಬದಲಾದರೆ ಬಾಡಿಗೆ ಯಾರು ಕೊಡುತ್ತಾರೆ, ಅವಧಿ ಮುಗಿದ ಮೇಲೆ ಕಂಬ-ಕಾಂಕ್ರೀಟು ಕಿತ್ತು ಹೊಲವನ್ನು ಹೊಲವಾಗಿ ಯಾರು ಮಾಡಿಕೊಡುತ್ತಾರೆ ಎಂದು ಕೇಳಿರಿ. ಓದಲು ಬಾರದವರು ರಜೆಯ ದಿನ ಸಂಘದ ಕಚೇರಿಗೆ ತನ್ನಿರಿ. ಕೂತು ಓದಿ ಹೇಳುತ್ತೇವೆ.